ಕಮಾನುಗಳ ಹಿಂದಿನ ತೋಟ

ಬೆಳಿಗ್ಗೆ ಹಾಲು ತರಲು ಹೋಗುವಾಗ ನಾನು ಈಗ ಬಸ್‌ಸ್ಟ್ಯಾಂಡನ್ನು ಸುತ್ತಿಕೊಂಡು ಹೋಗುತ್ತೇನೆ. ಮೈದಾನದ ರಸ್ತೆಯಲ್ಲಿ ಹೋದರೆ ಹತ್ತಿರ. ಆದರೆ ಆ ರಸ್ತೆಗೆ ಕಾಲಿಟ್ಟರೆ ಕಮಾನುಗಳು ಕಣ್ಣಿಗೆ ಬೀಳುತ್ತವೆ, ಅವು ಕಣ್ಣಿಗೆ ಬಿದ್ದರೆ ಕುಡಿದ ಕಾಫಿ ಗಂಟಲಿಗೆ ಬರುತ್ತದೆ. ಬಿಸ್ಕತ್ತಿನ ಬಣ್ಣ ಬಳಿದ ಸಿಮೆಂಟಿನ ಕಮಾನುಗಳು. ಒಂದೊಂದು ಕಮಾನಿನ ಕೆಳಗೂ ಒಂದೊಂದು ಅಂಗಡಿ, ಅಂಗಡಿಗೊಂದು ರೋಲಿಂಗ್ ಶಟರು. ಹೆಬ್ಬಾಗಿಲಿನ ಎರಡೂ ಕಡೆ ಗಾರೆಯ ಸಿಂಹಗಳು. ಎಡಗಡೆಯ ಸಿಂಹದ ಬಾಯೊಳಗೆ ಜನ ಎಲೆ ಅಡಿಕೆ ಉಗಿದು ಉಗಿದು, ಅದು ಈಗಷ್ಟೇ ಯಾರನ್ನೋ ತಿಂದು ಕೂತ ಹಾಗೆ ಕಾಣುತ್ತದೆ. ಮೇಲೆ ದಪ್ಪ ಅಕ್ಷರದಲ್ಲಿ 'ರೋಮನ್ ಮಾದರಿಯ ಕ್ರೀಡಾಂಗಣ' ಎಂಬ ಬೋರ್ಡು. ಆ ಬೋರ್ಡಿನ ಹಿಂದೆ ಇರುವುದು ಕ್ರೀಡಾಂಗಣವಲ್ಲ, ತೆಂಗಿನ ತೋಟ. ಅದು ಹೇಗೆ ಹಾಗಾಯಿತು ಎನ್ನುವುದನ್ನು ಒಮ್ಮೆ ಬರೆದು ಕಾರಿಕೊಂಡುಬಿಡೋಣ ಎಂದು ಕೂತಿದ್ದೇನೆ.

ಊರಿನ ಹೆಸರು ಹಾಕುವುದಿಲ್ಲ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ, ಈ ಮೂರರ ನಡುವೆ ಎಲ್ಲೋ ಇದೆ ಎಂದುಕೊಂಡರೆ ಸಾಕು. ಹೆಸರು ಹಾಕಿದರೆ ನಾಳೆಯೇ ನಾಲ್ಕಾರು ಜನ ಪಂಚೆ ಎತ್ತಿಕಟ್ಟಿಕೊಂಡು ಬಾಗಿಲಿಗೆ ಬರುತ್ತಾರೆ, ಜಗಳ ಮುಗಿಯುವ ತನಕ ಅವರಿಗೆಲ್ಲ ಕಾಫಿ ಮಾಡಿಕೊಡಬೇಕಾದವಳು ನನ್ನ ಹೆಂಡತಿ. ನಾನು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತನಾದವನು. ನನ್ನ ತಂಗಿ ಇಲ್ಲಿಯ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಆಟ ಕಲಿಸುವವಳು, ಊರಿಗೆಲ್ಲ ಪೀಟಿ ಮಿಸ್ಸು. ನಮ್ಮದೂ ತೆಂಗಿನ ಮನೆತನವೇ. ಅಪ್ಪನ ತೋಟ ಶೆಟ್ಟಿಕೆರೆ ಕಡೆ ಇದೆ, ಈಗಲೂ ಕಾಯಿ ಅಲ್ಲಿಂದಲೇ ಬರುತ್ತದೆ.

ಮೈದಾನದ ಜಾಗದಲ್ಲಿ ಮೊದಲು ದನಗಳ ಸಂತೆ ಸೇರುತ್ತಿತ್ತು. ತಲೆಮಾರುಗಳ ಕಾಲ ಗೊರಸು ತುಳಿದು ತುಳಿದು ನೆಲ ಎಷ್ಟು ಗಟ್ಟಿಯಾಗಿತ್ತೆಂದರೆ, ಮಳೆ ಸುರಿದ ಮರುದಿನವೂ ಅಲ್ಲಿ ಕೆಸರಾಗುತ್ತಿರಲಿಲ್ಲ. ಸಂತೆ ಊರಾಚೆಗೆ ಹೋದ ಮೇಲೆ ಆ ಬಯಲನ್ನು ಕೇಳುವವರಿರಲಿಲ್ಲ. ಹುಲ್ಲು ಹುಟ್ಟದ ನೆಲ ಯಾರಿಗೆ ಬೇಕು? ನನ್ನ ತಂಗಿಗೆ ಬೇಕಾಯಿತು. ಅವಳು ಸುಣ್ಣದ ಪುಡಿಯಲ್ಲಿ ಅಲ್ಲಿ ಒಂದು ದೊಡ್ಡ ಮೊಟ್ಟೆಯಾಕಾರ ಬರೆದಳು, ಒಂದು ಮಗ್ಗುಲಿಗೆ ಉದ್ದಕ್ಕೆ ನೇರವಾದ ದಾರಿ ಎಳೆದಳು. ಬೆಳಿಗ್ಗೆ ಶಾಲೆಗೆ ಮುಂಚೆ, ಸಂಜೆ ಶಾಲೆ ಬಿಟ್ಟ ಮೇಲೆ, ಅವಳ ಹುಡುಗಿಯರು ಅಲ್ಲಿ ಓಡುತ್ತಿದ್ದರು.

ಇದು ಸಣ್ಣ ವಿಷಯವಲ್ಲ. ನಮ್ಮ ಕಡೆ ಹೆಣ್ಣುಮಗಳು ದೊಡ್ಡವಳಾದ ಮೇಲೆ ಓಡುವುದಕ್ಕೆ ಜಾಗ ಎಲ್ಲಿದೆ? ರಸ್ತೆಯಲ್ಲಿ ಓಡಿದರೆ ಬೈಕಿನ ಹುಡುಗರು ಹಿಂದೆ ಬರುತ್ತಾರೆ. ತೋಟದ ದಾರಿಯಲ್ಲಿ ಓಡಿಸೋಣವೆಂದರೆ ಯಾವ ತಾಯಿಯೂ ಕಳಿಸುವುದಿಲ್ಲ. ಈ ಮೈದಾನಕ್ಕೆ ಮೂರು ಕಡೆ ಮನೆಗಳು. ಹೆಂಗಸರು ಜಗುಲಿಯ ಮೇಲೆ ಕೂತು ಮೊರದಲ್ಲಿ ರಾಗಿ ಕೇರುತ್ತಲೇ ತಲೆಯೆತ್ತಿದರೆ ಮಕ್ಕಳು ಕಾಣುತ್ತಿದ್ದರು. ಹಾಗಾಗಿ ಅಪ್ಪಂದಿರು ಬೇಡ ಎನ್ನಲಿಲ್ಲ. "ಎಲ್ರ ಕಣ್ಣಿಗೂ ಕಾಣ್ತದಲ್ಲ ಬುಡಿ ಮಿಸ್ಸೇ, ಓಡ್ಲಿ" ಎಂದರು. ತಂಗಿಗೆ ಅಷ್ಟೇ ಸಾಕಿತ್ತು. ಅವಳು ಸ್ವತಃ ಏಳನೇ ಕ್ಲಾಸಿನ ತನಕ ಗಾಳಿಯ ಹಾಗೆ ಓಡಿದವಳು. ಆಮೇಲೆ ಅಪ್ಪ ನಿಲ್ಲಿಸಿದರು, ಓಡಲು ಮರೆಯಾದ ಜಾಗ ಇಲ್ಲ ಎಂದು. ಮರೆಯಾದ ಜಾಗ ಬೇಡ, ಎಲ್ಲರಿಗೂ ಕಾಣುವ ಜಾಗ ಬೇಕು ಎನ್ನುವುದು ಅವಳಿಗೆ ತಡವಾಗಿ ಹೊಳೆಯಿತು. ಆ ಬಯಲು ಬಯಲಾಗಿಯೇ ಇರಬೇಕು, ಇದೊಂದೇ ಅವಳ ಆಸೆ. ಆ ಬಯಲು ಹೋದರೆ ಹುಡುಗಿಯರ ಓಟವೂ ಹೋಯಿತು ಎನ್ನುವುದು ನಮ್ಮಿಬ್ಬರಿಗೂ ಗೊತ್ತಿತ್ತು.

ಇನ್ನು ರೋಮ್. ನಿವೃತ್ತಿಯಾದ ಮೇಲೆ ನಾವು ಬೇರೆ ಬೇರೆ ಊರಿನ ಒಂದಷ್ಟು ಮೇಷ್ಟರುಗಳು ಹೆಂಡತಿಯರ ಜೊತೆ ಇಟಲಿ ಪ್ರವಾಸ ಮಾಡಿದೆವು. ಚಟ್ನಿಪುಡಿ, ಕೊಬ್ಬರಿ ಮಿಠಾಯಿ ಕಟ್ಟಿಕೊಂಡು ಹೋದ ಪ್ರವಾಸ. ರೋಮ್ ನಗರದ ನಡುವೆ ನವೋನಾ ಎಂಬ ಚೌಕವಿದೆ. ಚೌಕ ಎನ್ನುತ್ತಾರೆ, ಆದರೆ ಅದು ಚೌಕವಲ್ಲ. ಉದ್ದಕ್ಕೆ ಹೋಗಿ ಒಂದು ತುದಿಯಲ್ಲಿ ದುಂಡಗೆ ತಿರುಗುತ್ತದೆ. ನನ್ನ ಹೆಂಡತಿ ಕಲ್ಲುಬೆಂಚಿನ ಮೇಲೆ ಕೂತು ಸುತ್ತ ನೋಡಿ, "ಏನ್ರೀ, ರಾಗಿ ಒಕ್ಕಕ್ಕೆ ಎಂಥಾ ಕಣ ಆಗ್ತಿತ್ತು ಇದು!" ಎಂದಳು. ನಾನು ನಕ್ಕೆ. ಗೈಡ್ ಹುಡುಗಿ ನಗಲಿಲ್ಲ, ನಿಜಕ್ಕೂ ಇದು ಕಣವೇ ಎನ್ನುವ ಅರ್ಥದಲ್ಲಿ ತಲೆಯಾಡಿಸಿದಳು, ಓಟದ ಕಣ. ಸಾವಿರದ ಒಂಬೈನೂರು ವರ್ಷಗಳಿಗೂ ಹಿಂದೆ ಒಬ್ಬ ಚಕ್ರವರ್ತಿ ಅಲ್ಲಿ ಓಟದ ಪಂದ್ಯಕ್ಕೆ ಸ್ಟೇಡಿಯಂ ಕಟ್ಟಿಸಿದ್ದನಂತೆ. ಚಕ್ರವರ್ತಿ ಹೋದ, ಸಾಮ್ರಾಜ್ಯ ಹೋಯಿತು, ಜನ ಕಲ್ಲುಗಳನ್ನು ಕಿತ್ತುಕೊಂಡು ಹೋದರು. ಆಮೇಲೆ ಬಂದವರು ಜನ ಕೂರುತ್ತಿದ್ದ ಮೆಟ್ಟಿಲುಗಳ ಬುನಾದಿಯ ಮೇಲೆಯೇ ಮನೆ ಕಟ್ಟಿಕೊಂಡರು. ಓಡುತ್ತಿದ್ದ ಜಾಗದಲ್ಲಿ ಮಾತ್ರ ಯಾರೂ ಮನೆ ಕಟ್ಟಲಿಲ್ಲ. ಕಾರಂಜಿ ಇಟ್ಟರು, ಸಂತೆ ಮಾಡಿದರು, ಆದರೆ ಬಯಲನ್ನು ಬಯಲಾಗಿಯೇ ಬಿಟ್ಟರು. ದುಂಡನೆಯ ತುದಿಯಲ್ಲಿ ಇಳಿದು ಹೋದರೆ ಈಗಿನ ರಸ್ತೆಗಿಂತ ಎಷ್ಟೋ ಕೆಳಗೆ ಹಳೆಯ ಕಮಾನಿನ ಕಲ್ಲುಗಳು ಕಾಣುತ್ತವೆ.

ಅಲ್ಲಿ ನಿಂತು ನನಗೆ ಕಣ್ಣು ಒದ್ದೆಯಾಯಿತು. ಒಂದು ನಗರ ಇಷ್ಟು ಕಾಲ ತನ್ನ ಹೊಟ್ಟೆಯ ನಡುವಿನ ಖಾಲಿ ಜಾಗವನ್ನು ತಿಂದುಹಾಕದೆ ಉಳಿಸಿಕೊಂಡಿತಲ್ಲ ಎಂದು. ತಂಗಿಗೆ ಅಲ್ಲಿಂದಲೇ ಫೋನು ಮಾಡಿ ಹೇಳಿದೆ. "ಅಲ್ಲಿ ಹೆಣ್ಣುಮಕ್ಕಳು ಓಡ್ತಿದ್ರಾ ಅಣ್ಣಯ್ಯ?" ಎಂದು ಕೇಳಿದಳು. ಗೈಡನ್ನು ಕೇಳಿ ಹೇಳುತ್ತೇನೆ ಎಂದೆ, ಅಷ್ಟರಲ್ಲಿ ಬಸ್ಸು ಹೊರಟಿತು.

ನಾವು ಹಿಂತಿರುಗಿದ ಮೇಲೆ ಸ್ವಲ್ಪ ದಿನಕ್ಕೆ ಊರಿನಲ್ಲಿ ಕ್ರೀಡಾಂಗಣ ಸಮಿತಿ ಎಂದು ಒಂದು ಹುಟ್ಟಿಕೊಂಡಿತು. ಅದರ ಅಧ್ಯಕ್ಷರು ಕೊಬ್ಬರಿ ಮಂಡಿಯ ಸಾಹುಕಾರರು. ಕೊಬ್ಬರಿಯನ್ನು ಅಲುಗಾಡಿಸಿ ಸದ್ದಿನಲ್ಲೇ ಅದರ ಜಾತಕ ಹೇಳುವ ಮನುಷ್ಯ, ಕ್ರೀಡೆಯ ಬಗ್ಗೆ ಇಸ್ಪೀಟಿನ ಆಚೆಗೆ ಏನೂ ತಿಳಿಯದವರು. ಎಲ್ಲಿಂದಲೋ ಒಬ್ಬ ಎಂಜಿನಿಯರನ್ನು ಕರೆಸಿದ್ದರು. ಅವನ ಲ್ಯಾಪ್‌ಟಾಪಿನಲ್ಲಿ ಮಿರಮಿರ ಮಿಂಚುವ ಕಮಾನುಗಳ ಚಿತ್ರವಿತ್ತು. ರೋಮನ್ ಮಾದರಿಯಂತೆ. ರೋಮಿಗೆ ಹೋಗಿ ಬಂದವನು ಊರಿನಲ್ಲಿ ನಾನೊಬ್ಬನೇ ಸಿಕ್ಕಿದ್ದರಿಂದ, ನಾಲ್ಕು ಮಾತಾಡಲು ಸಮಿತಿಯ ಸಭೆಗೆ ಕರೆದರು. ತಂಗಿಯನ್ನೂ ಕರೆದುಕೊಂಡು ಹೋದೆ.

ನಾನು ಒಳ್ಳೆಯ ಪಾಠವನ್ನೇ ಮಾಡಿದೆ. ಸ್ಟೇಡಿಯಂ ಎನ್ನುವ ಮಾತು ಮೊದಲು ಓಟದ ಒಂದು ಉದ್ದದ ಹೆಸರಾಗಿತ್ತು, ಕಟ್ಟಡದ್ದಲ್ಲ ಎಂದೆ. ಕಮಾನು ಮುಖ್ಯವಲ್ಲ, ಕಮಾನು ಕಾಯುವ ಬಯಲು ಮುಖ್ಯ ಎಂದೆ. ನಗರ ಕಟ್ಟುವವನ ಜಾಣತನವಿರುವುದು ಎಲ್ಲಿ ಕಟ್ಟಬಾರದು ಎಂದು ತಿಳಿಯುವುದರಲ್ಲಿ ಎಂದೆ. ಫೋಟೋಗಳನ್ನು ತೋರಿಸಿ, ಮೆಟ್ಟಿಲಿದ್ದ ಕಡೆ ಮನೆ ಅಂಗಡಿಗಳು ಎದ್ದಿವೆ, ನಡುವೆ ಮಾತ್ರ ಹಾಗೆಯೇ ಬಿಟ್ಟಿದ್ದಾರೆ ನೋಡಿ ಎಂದೆ. ಸಾಹುಕಾರರು ಅಲ್ಲಿಯ ತನಕ ಕಿವಿಯಲ್ಲಿ ಕಡ್ಡಿ ಆಡಿಸುತ್ತಿದ್ದವರು ತಟ್ಟನೆ ಎದ್ದು ಕೂತರು.

"ಅಂಗ್ಡಿ ಐತಾ? ಗ್ಯಾಲರಿ ಜಾಗದಾಗೆ?"

"ಈಗ ಇವೆ. ಹೋಟೆಲುಗಳೂ ಇವೆ. ಆದರೆ ನಾನು ಹೇಳುತ್ತಿರುವುದು..."

"ಕೇಳುದ್ರೇನ್ರಪ್ಪಾ!" ಎಂದು ಅವರು ಸಭೆಗೆ ತಿರುಗಿದರು. "ರೋಮಲ್ಲೇ ಗ್ಯಾಲರಿ ಜಾಗ್ದಲ್ಲಿ ಅಂಗ್ಡಿ ಕಟ್ಟವ್ರಂತೆ. ಮೇಷ್ಟ್ರೇ ಕಣ್ಣಾರೆ ನೋಡ್ಕಂಡ್ ಬಂದವ್ರೆ. ಇನ್ನು ನಮ್ದೇನ್ರಪ್ಪಾ ತಪ್ಪು?"

ಎಲ್ಲರೂ ಚಪ್ಪಾಳೆ ಹೊಡೆದರು. ಆ ಚಪ್ಪಾಳೆಯನ್ನು ನೆನೆದರೆ ಈಗಲೂ ಮೈಯೆಲ್ಲ ಉರಿಯುತ್ತದೆ. ನಾನು ಮತ್ತೆ ಬಾಯಿ ತೆರೆಯುವಷ್ಟರಲ್ಲಿ ಬೋಂಡ ಬಂತು. ತಂಗಿ ಮಾತ್ರ ಎದ್ದು ನಿಂತು, "ಓಡಕ್ಕೆ ಎಷ್ಟು ಜಾಗ ಉಳೀತದೆ ಸಾರ್?" ಎಂದು ಎಂಜಿನಿಯರನ್ನು ಕೇಳಿದಳು. ಅವನು ಚಿತ್ರದಲ್ಲಿದ್ದ ಹಸಿರು ಬಣ್ಣವನ್ನು ತೋರಿಸಿ, ಇದೆಲ್ಲ ಹಾಗೇ ಇರುತ್ತದೆ ಮೇಡಂ ಎಂದ. ಸಾಹುಕಾರರು ಬೋಂಡ ಅಗಿಯುತ್ತಲೇ ಮಾತು ಕೊಟ್ಟರು, "ನಿನ್ ಮೈದಾನುದ್ ಒಂದ್ ಹಿಡಿ ಮಣ್ಣೂ ಮುಟ್ಟಲ್ಲ ಕಣವ್ವಾ. ನಾವೂ ಹೆಣ್ಮಕ್ಳು ಹೆತ್ತೋರೇ." ತಂಗಿ ನಂಬಿದಳು. ನಾನೂ ನಂಬಿದೆ.

ಕಟ್ಟಿದರು. ರಸ್ತೆಯ ಕಡೆಗೆ ಮುಖ ಮಾಡಿದ ಅಂಗಡಿಗಳು, ಅವುಗಳ ತಲೆಯ ಮೇಲೆ ಗ್ಯಾಲರಿ. ಮೈದಾನಕ್ಕೆ ಬೆನ್ನು. ಬೆನ್ನಿನಲ್ಲಿ ಅಂಗಡಿಗೊಂದು ಕಿಟಕಿ, ಆ ಕಿಟಕಿಯಿಂದ ಬೇಕರಿಯ ಒಡೆದ ಮೊಟ್ಟೆಯ ಚಿಪ್ಪು, ಕ್ಷೌರದಂಗಡಿಯ ಕೂದಲು, ಟೀ ಲೋಟ, ಗುಟ್ಕಾ ಚೀಟಿ, ಎಲ್ಲವೂ ಹುಡುಗಿಯರು ಓಡುವ ಕಡೆಗೆ ಬೀಳತೊಡಗಿದವು. ಶೌಚಾಲಯದ ನೀರು ಮೊಟ್ಟೆಯಾಕಾರದ ದುಂಡನೆಯ ತುದಿಗೆ ಹರಿದು ಬಂತು. ಗ್ಯಾಲರಿಯಲ್ಲಿ ಮಧ್ಯಾಹ್ನ ಇಸ್ಪೀಟು, ಸಂಜೆ ಬಾಟಲಿ. ಅಲ್ಲಿ ಕೂತ ಗಂಡಸರು ಓಡುವ ಹುಡುಗಿಯರಿಗೆ ಹೆಸರಿಟ್ಟು ಕೂಗುತ್ತಿದ್ದರು. ತಂಗಿ ಒಂದು ದಿನ ಮೆಟ್ಟಿಲು ಹತ್ತಿ ಹೋಗಿ ಒಬ್ಬೊಬ್ಬನ ಅಪ್ಪನ ಹೆಸರು ಹಿಡಿದು ಬೈದಳು, ಆಮೇಲೆ ಕೂಗು ನಿಂತಿತು. ಕಸವನ್ನು ಅವಳೇ ದಿನಾ ಬೆಳಿಗ್ಗೆ ಗುಡಿಸಿದಳು. ನಾರುವ ತುದಿಯನ್ನು ಬಿಟ್ಟು ಹೊಸದಾಗಿ ಚಿಕ್ಕ ಮೊಟ್ಟೆ ಬರೆದಳು. "ಜಾಗ ಐತಲ್ಲ ಅಣ್ಣಯ್ಯ, ಸಾಕು" ಎನ್ನುತ್ತಿದ್ದಳು. ಇಷ್ಟನ್ನೂ ಅವಳು ನುಂಗಿಕೊಂಡಳು. ಇದೆಲ್ಲ ಯಾವ ಊರಿನಲ್ಲಾದರೂ ಆಗುವುದೇ. ನಮ್ಮೂರಿನವರಿಂದ ಮಾತ್ರ ಆಗಬಹುದಾದದ್ದು ಆಮೇಲೆ ಆಯಿತು.

ಉದ್ಘಾಟನೆಯ ದಿನ. ನಮ್ಮ ಕಡೆ ಯಾವ ಸಮಾರಂಭವಾದರೂ ಅತಿಥಿಗಳ ಕೈಯಲ್ಲಿ ಒಂದು ತೆಂಗಿನ ಸಸಿ ನೆಡಿಸಬೇಕು. ಶಾಲೆ ತೆರೆದರೆ ಸಸಿ, ಡೈರಿ ತೆರೆದರೆ ಸಸಿ, ಮದುವೆಯ ಮನೆಯಲ್ಲಿ ಕೂಡ ಬೀಗರ ಕೈಯಿಂದ ಹಿತ್ತಲಲ್ಲಿ ಸಸಿ. ನೆಟ್ಟ ಸಸಿಯನ್ನು ಯಾರೂ ಕೀಳುವುದಿಲ್ಲ. ಕುಡಿದು ದಾರಿಯಲ್ಲಿ ಬಿದ್ದಿರುವವನೂ ತೆಂಗಿನ ಸಸಿಯನ್ನು ಒದೆಯುವುದಿಲ್ಲ, ತೊಟ್ಟಿಲ ಮಗುವಿನ ಮೇಲೆ ಕೈ ಮಾಡಿದಷ್ಟೇ ಪಾಪ. ಮನೆಯ ಗೋಡೆಗೆ ಅಡ್ಡ ಬಂದರೆ ಗೋಡೆಯನ್ನೇ ಒಳಗೆ ಸರಿಸಿ ಕಟ್ಟುತ್ತಾರೆ. ಎಲ್ಲಕ್ಕಿಂತ ಮುಖ್ಯ, ಒಂದು ನೆಲದಲ್ಲಿ ಸಸಿ ಇಟ್ಟರೆ ಆ ನೆಲದ ಮಾತು ಮುಗಿಯಿತು. ಬದುವಿನ ಜಗಳದಲ್ಲಿ ಹಿರಿಯರು ಕೇಳುವುದೂ ಇದನ್ನೇ, ಸಸಿ ಇಟ್ಟವರು ಯಾರು ಎಂದು. ಇಟ್ಟವನು ಅದನ್ನು ತೋಟ ಎಂದು ಒಪ್ಪಿದ ಹಾಗೆ.

ಅವತ್ತು ಬಂದ ಅತಿಥಿಗಳು ಒಬ್ಬಿಬ್ಬರಲ್ಲ. ಒಬ್ಬರಿಗೆ ಕೊಟ್ಟು ಇನ್ನೊಬ್ಬರಿಗೆ ಕೊಡದಿದ್ದರೆ ಮುನಿಸು, ಹಾಗಾಗಿ ಎಲ್ಲರಿಗೂ ಸಸಿ. ಬೇಲಿಯ ಅಂಚಿನಲ್ಲಿ ನೆಡಿಸಿ ಎಂದು ತಂಗಿ ಮೊದಲೇ ಹೇಳಿದ್ದಳು. ಫೋಟೋದವನು ಒಪ್ಪಲಿಲ್ಲ. ಅಂಚಿನಲ್ಲಿ ನಿಂತರೆ ಹಿಂದೆ ಕಮಾನು ಬರುವುದಿಲ್ಲ, ನಡುವೆ ನಿಂತರೆ ಕಮಾನೂ ಬರುತ್ತದೆ, ಸಿಂಹವೂ ಬರುತ್ತದೆ. ಆ ಗಟ್ಟಿ ನೆಲಕ್ಕೆ ಯಂತ್ರ ತಂದು ಗುಂಡಿ ತೋಡಿಸಿದರು, ಸರಿಯಾಗಿ ತಂಗಿಯ ಸುಣ್ಣದ ಗೆರೆಯ ಮೇಲೆ. ಗುಂಡಿ ತೋಡಿದ ಆಳುಗಳೂ ತೋಟದವರೇ ತಾನೆ? ಅವರಿಗೆ ಹೇಗೆಂದರೆ ಹಾಗೆ ತೋಡಲು ಮನಸ್ಸು ಬರಲಿಲ್ಲ. ಹಗ್ಗ ಹಿಡಿದು, ಗಿಡದಿಂದ ಗಿಡಕ್ಕೆ ಬಿಡಬೇಕಾದ ಅಂತರ ಬಿಟ್ಟು, ಸಾಲು ತಪ್ಪದಂತೆ ತೋಡಿದರು. ಮಂತ್ರಿ ಮಹೋದಯರು ಯಾರೋ ಒಬ್ಬರು ಬಗ್ಗಿ ಒಂದು ಹಿಡಿ ಮಣ್ಣು ಹಾಕಿ, ಕ್ಯಾಮೆರಾ ಕಡೆ ಹಲ್ಲು ಬಿಟ್ಟು, ಕಾರು ಹತ್ತಿ ಹೋದರು. ಅವರ ಹೆಸರಿನ ಕಲ್ಲು ಸಸಿಯ ಬುಡದಲ್ಲಿ ಉಳಿಯಿತು.

ಅಲ್ಲಿಗೆ ನಿಂತಿದ್ದರೆ ಹೇಗೋ ಬದುಕಬಹುದಿತ್ತು. ಒಂದು ಸಾಲು ಬಿದ್ದ ಮೇಲೆ ಪಕ್ಕದ ಖಾಲಿ ಜಾಗ ಎಲ್ಲರ ಕಣ್ಣನ್ನೂ ಚುಚ್ಚತೊಡಗಿತು. ಸಾಲು ಅರ್ಧಕ್ಕೆ ನಿಂತ ತೋಟವನ್ನು ನಮ್ಮ ಜನ ನೋಡಲಾರರು. ಸ್ವಾತಂತ್ರ್ಯ ದಿನಕ್ಕೆ ಸಸಿ, ರಾಜ್ಯೋತ್ಸವಕ್ಕೆ ಸಸಿ, ಸಾಹುಕಾರರ ಹುಟ್ಟುಹಬ್ಬಕ್ಕೆ ಸಸಿ, ಅವರ ಮೊಮ್ಮಗನ ನಾಮಕರಣಕ್ಕೂ ಸಸಿ. ಹನಿ ನೀರಾವರಿಯ ಪೈಪು ಬಂತು. ಕುರಿಗೊಬ್ಬರ ಬಂತು. ಬುಡಕ್ಕೆ ಮುಳ್ಳಿನ ಬೇಲಿ ಬಂತು, ಅದು ಹುಡುಗಿಯರ ಕಾಲಿಗೆ ತರಚಿತು. ಗ್ಯಾಲರಿಯಲ್ಲಿ ಕೂತು ಇಸ್ಪೀಟು ಎಸೆಯುವವರು, ಆ ಸಸಿಯ ಸುಳಿ ಯಾಕೋ ಬಾಡಿದೆ, ಈ ಸಸಿಗೆ ದುಂಬಿ ಬಿದ್ದಿದೆ ಎಂದು ಚಿಂತೆ ಮಾಡತೊಡಗಿದರು. ಜಗತ್ತಿನಲ್ಲಿ ತೆಂಗಿನ ಸಸಿ ಬೆಳೆಯುವುದನ್ನು ನೋಡಲು ಸಾಲುಸಾಲು ಮೆಟ್ಟಿಲು ಕಟ್ಟಿಸಿಕೊಂಡ ಊರು ನಮ್ಮದೊಂದೇ ಇರಬೇಕು. ಥೂ.

ತಂಗಿ ಎಲ್ಲರ ಮನೆಗೂ ಹೋದಳು. ಸಿಟ್ಟಿನಿಂದಲ್ಲ, ತಾಳ್ಮೆಯಿಂದ. "ಇನ್ನೂ ಎಳೇ ಸಸಿ. ಈ ಮಳೆಗಾಲ್ದಲ್ಲಿ ಹೆಂಟೆ ಸಮೇತ ಎತ್ತಿ ಬೇಲಿ ಪಕ್ಕ ಇಡ್ಬೋದು, ಒಂದೂ ಸಾಯಲ್ಲ. ಮುಂದಿನ್ ಮಳೆಗಾಲಕ್ಕೆ ಆಗಲ್ಲ" ಎಂದು ಬಿಡಿಸಿ ಹೇಳಿದಳು. ಎಲ್ಲರೂ ತಲೆಯಾಡಿಸಿದರು. ನಿನ್ನ ಮಾತು ಸರಿ ಎಂದರು. "ಆದ್ರೆ ಯಾರವ್ವಾ ಕೈ ಇಕ್ಕೋರು?" ಎಂದರು. ಟೈಲರ್ ಸಾಬರೊಬ್ಬರು ಮಾತ್ರ, ಹುಡುಗಿಯರ ಚಡ್ಡಿ ಅಂಗಿ ಹೊಲಿದುಕೊಡುತ್ತಿದ್ದವರು, ತಮ್ಮ ಅಂಗಡಿಯ ಹಿಂದಿನ ಕಿಟಕಿಗೆ ತಾವೇ ಹಲಗೆ ಹೊಡೆದು ಮುಚ್ಚಿದರು. "ಕಸ ನಮ್ ಕೈಲಿತ್ತು, ನಿಲ್ಸಿದ್ವಿ. ಸಸಿ ನಮ್ ಕೈಲಿಲ್ಲ ಬೆಹನ್" ಎಂದರು. ನಾನು ಮನೆಯಲ್ಲಿ ಕೂಗಾಡಿದೆ. ಹೆಂಡತಿ ಕಾಯಿ ತುರಿಯುವುದನ್ನು ನಿಲ್ಲಿಸಿ, "ನಿಮ್ಗೆ ಸಿಟ್ಟಿದ್ರೆ ಸಿಂಹ ಒಡೀರಿ. ಸಸಿ ಕೀಳೋ ಮಾತು ಮನೇಲಾಡ್ಬೇಡಿ" ಎಂದಳು.

ತಂಗಿ ಓಟ ಬಿಡಲಿಲ್ಲ. ಸಸಿಗಳ ನಡುವೆಯೇ ಓಡಿಸಿದಳು. ಒಂದು ಸಸಿಗೆ ಎಡಕ್ಕೆ, ಮುಂದಿನದಕ್ಕೆ ಬಲಕ್ಕೆ, ಗರಿ ಮುಟ್ಟದಂತೆ, ಪೈಪು ತುಳಿಯದಂತೆ. ಹುಡುಗಿಯರು ಚೆನ್ನಾಗಿಯೇ ಕಲಿತರು. ತೋಟದ ಮಕ್ಕಳು, ಎಷ್ಟು ಜೋರಾಗಿ ಓಡಿದರೂ ಒಂದು ಗರಿಯನ್ನೂ ಮುರಿಯಲಿಲ್ಲ.

ಆ ವರ್ಷದ ಜಿಲ್ಲಾ ಮಟ್ಟದ ಕ್ರೀಡಾಕೂಟಕ್ಕೆ ತಂಗಿಯ ಜೊತೆ ನಾನೂ ಹೋಗಿದ್ದೆ. ಅಲ್ಲಿ ನಿಜವಾದ ಟ್ರ್ಯಾಕು, ಕೆಂಪು ಮಣ್ಣಿನದು, ನುಣ್ಣಗೆ. ನಮ್ಮ ಹುಡುಗಿಯೊಬ್ಬಳು ದೂರದ ಓಟದಲ್ಲಿ ಮೊದಲ ಸುತ್ತಿಗೇ ಎಲ್ಲರಿಗಿಂತ ಮುಂದಿದ್ದಳು. ತಂಗಿ ನನ್ನ ತೋಳು ಹಿಡಿದುಕೊಂಡಿದ್ದಳು. ಕೊನೆಯ ಸುತ್ತಿನಲ್ಲಿ ತಿರುವು ಮುಗಿದು ನೇರ ದಾರಿ ಬಂತು. ಎದುರಿಗೆ ಏನೂ ಇರಲಿಲ್ಲ, ಖಾಲಿ ನೆಲ. ಹುಡುಗಿ ಅಲ್ಲಿ ಹೆಜ್ಜೆ ಚಿಕ್ಕದು ಮಾಡಿ ಎಡಕ್ಕೆ ಸರಿದಳು. ಮತ್ತೆ ಒಂದಷ್ಟು ದೂರಕ್ಕೆ ಬಲಕ್ಕೆ ಸರಿದಳು. ಇಲ್ಲದ ಸಸಿಗಳನ್ನು ಬಳಸಿಕೊಂಡು ಓಡುತ್ತಿದ್ದಳು. ಹಿಂದಿದ್ದ ಇಬ್ಬರು ನೇರವಾಗಿ ಓಡಿ ಅವಳನ್ನು ದಾಟಿ ಹೋದರು.

"ಯಾಕ್ರೀ ಆ ಹುಡುಗಿ ಹಂಗೆ ಓಡ್ತಾಳೆ? ತಲೆ ಸುತ್ತು ಬಂತಾ?" ಎಂದು ಪಕ್ಕದಲ್ಲಿದ್ದ ಬೇರೆ ಶಾಲೆಯ ಮೇಷ್ಟರು ನಕ್ಕರು. ತಂಗಿ ನನ್ನ ತೋಳು ಬಿಟ್ಟಳು. "ನಾನು ಓಡೋದು ಕಲಿಸ್ಲಿಲ್ಲ ಅಣ್ಣಯ್ಯ. ತಪ್ಪಿಸ್ಕಳ್ಳೋದು ಕಲಿಸ್ದೆ" ಎಂದಳು. ಅವಳು ಅಳುವುದನ್ನು ನಾನು ಅಪ್ಪ ಸತ್ತಾಗ ನೋಡಿದ್ದೆ, ಆಮೇಲೆ ಅಲ್ಲಿ ನೋಡಿದೆ. ನನಗೆ ಅಲ್ಲಿಂದಲೇ ಹಾರಿ ಬಂದು ಆ ಕಮಾನುಗಳಿಗೆಲ್ಲ ಒಂದೊಂದು ಗುದ್ದಲಿ ಪೆಟ್ಟು ಹಾಕಬೇಕೆನ್ನಿಸಿತು.

ಮೂರನೇ ಸ್ಥಾನವಾದರೂ ಬಂತಲ್ಲ, ಊರಿಗೆ ಹೆಮ್ಮೆಯೋ ಹೆಮ್ಮೆ. ರೋಮನ್ ಕ್ರೀಡಾಂಗಣದ ಮೊದಲ ಫಲ ಎಂದು ಸಾಹುಕಾರರು ಫ್ಲೆಕ್ಸು ಹಾಕಿಸಿದರು. ತಂಗಿಗೆ ಸನ್ಮಾನ ಎಂದರು. ನಾನು ಹೋಗಬೇಡ ಎಂದೆ. ಅವಳು ಹೋಗುತ್ತೇನೆ ಎಂದಳು. ಮನೆಮನೆಗೆ ಹೋಗಿ ಕೇಳಿ ಆಯಿತು, ಈಗ ಮೈಕಿನಲ್ಲಿ, ಎಲ್ಲರ ಎದುರಿಗೆ, ಶಾಲು ಹೊದೆಸಿದವರ ಎದುರಿಗೇ ಕೇಳುತ್ತೇನೆ, ಆಗ ಇಲ್ಲ ಎನ್ನಲು ಆಗುವುದಿಲ್ಲ ಎಂದಳು. ಒಂದೇ ಒಂದು ಸಾಲು, ನೇರ ದಾರಿಯ ಮೇಲಿನದು, ಈ ಮಳೆ ಮುಗಿಯುವುದರೊಳಗೆ ಸರಿಸಿಕೊಡಿ ಎಂದು ಕೇಳುವುದು. ಉಳಿದದ್ದು ನಿಮ್ಮ ತೋಟವೇ ಆಗಲಿ ಎನ್ನುವುದು. ಅಡುಗೆಮನೆಯಲ್ಲಿ ನನ್ನ ಹೆಂಡತಿಯ ಎದುರಿಗೆ ನಿಂತು ಆ ಮಾತನ್ನು ಆಡಿ ಆಡಿ ನೋಡಿದಳು. "ಚೆನ್ನಾಗ್ ಹೇಳ್ತೀಯ ಕಣೇ, ಒಪ್ತಾರೆ" ಎಂದಳು ನನ್ನ ಹೆಂಡತಿ.

ಸನ್ಮಾನದ ದಿನ ಸಾಹುಕಾರರು ಮಾತಾಡಿದರು, ಅವರ ಮಂಡಿಯ ಪಾಲುದಾರರು ಮಾತಾಡಿದರು, ನಾಡಗೀತೆಯಿಂದ ಹಿಡಿದು ಭರತನಾಟ್ಯದ ತನಕ ಎಲ್ಲ ಆಯಿತು. ತಂಗಿಗೆ ಶಾಲು ಹೊದೆಸಿದರು, ಏಲಕ್ಕಿ ಹಾರ ಹಾಕಿದರು, ಹಣ್ಣಿನ ಬುಟ್ಟಿ ಕೊಟ್ಟರು. ಅವಳು ಮೈಕಿನ ಕಡೆಗೆ ಹೆಜ್ಜೆ ಇಟ್ಟಳು. ಅಷ್ಟರಲ್ಲಿ ನಿರೂಪಕ ಕೂಗಿದ, "ಸನ್ಮಾನಿತರಿಂದ ಈಗ ಸಸಿ ನೆಡುವ ಕಾರ್ಯಕ್ರಮ, ನಂತರ ಎಲ್ಲರಿಗೂ ಊಟದ ವ್ಯವಸ್ಥೆ ಇದೆ." ಊಟ ಎಂದ ಕೂಡಲೇ ಕುರ್ಚಿಗಳೆಲ್ಲ ಸದ್ದು ಮಾಡಿದವು.

ನಾನು ಮುಂದಿನ ಸಾಲಿನಿಂದ ಎದ್ದು, "ಅವಳು ಮಾತಾಡಬೇಕು ಕಣ್ರೀ!" ಎಂದು ಕೂಗಿದೆ.

"ಮೊದ್ಲು ಸಸಿ ಇಡ್ಲಿ ಮೇಷ್ಟ್ರೇ, ರಾಹುಕಾಲ ಬತ್ತದೆ" ಎಂದರು ಸಾಹುಕಾರರು. ಆಳೊಬ್ಬ ಸಸಿಯನ್ನು ತಂದು ತಂಗಿಯ ಎರಡೂ ಕೈ ಮೇಲೆ ಇಟ್ಟ. ಗುಂಡಿ ಮೊದಲೇ ತೆಗೆದಿಟ್ಟಿದ್ದರು. ನೇರ ದಾರಿಯ ಮೇಲೆ ಉಳಿದಿದ್ದ ಕೊನೆಯ ಖಾಲಿ ಜಾಗದಲ್ಲಿ.

ಅವಳು ಅದನ್ನು ಸಾಹುಕಾರರ ಕಾಲಿನ ಬಳಿ ಇಟ್ಟು ಬರುತ್ತಾಳೆ ಎಂದುಕೊಂಡೆ. ದೇವರಾಣೆಗೂ ಅದನ್ನೇ ಬಯಸಿದೆ. ಅವಳು ಗುಂಡಿಯ ತನಕ ನಡೆದಳು, ನಿಂತಳು, ಕೈಯಲ್ಲಿದ್ದುದನ್ನು ನೋಡಿದಳು. ಆಮೇಲೆ ಮಂಡಿಯೂರಿ ಕೂತಳು. ತಳಕ್ಕೆ ಉಪ್ಪು ಹಾಕಿದ್ದೀರಾ ಎಂದು ಆಳನ್ನು ಕೇಳಿದಳು. ಇಲ್ಲ ಎಂದ. ಊಟದ ಕಡೆಯಿಂದ ಉಪ್ಪು ತರಿಸಿದಳು, ಸೌದೆ ಒಲೆಯ ಬೂದಿ ತರಿಸಿದಳು. ಅಪ್ಪ ಕಲಿಸಿದ ಹಾಗೆ ಕಾಯಿಯನ್ನು ನೆಟ್ಟಗೆ ಕೂರಿಸಿ, ಕುತ್ತಿಗೆ ಮಣ್ಣಿನ ಮೇಲೆ ಇರುವಂತೆ ಬಿಟ್ಟು, ಸುತ್ತ ಮಣ್ಣು ತುಂಬಿ, ಹಿಮ್ಮಡಿಯಲ್ಲಿ ಒತ್ತಿದಳು. ಅಲ್ಲಿ ಬಂದು ಹೋದ ಅತಿಥಿಗಳಲ್ಲಿ ಯಾರೂ ಅಷ್ಟು ಚೆನ್ನಾಗಿ ನೆಟ್ಟಿರಲಿಲ್ಲ. ಹುಡುಗಿಯರು ಚಪ್ಪಾಳೆ ಹೊಡೆದರು. ಅವಳು ಎದ್ದು ತಿರುಗುವ ಹೊತ್ತಿಗೆ ಮೈಕಿನವನು ವೈರು ಸುತ್ತುತ್ತಿದ್ದ, ಜನ ಎಲೆಯ ಮುಂದೆ ಕೂತಿದ್ದರು.

ಮನೆಗೆ ಬಂದು ನಾನು ಬಾಯಿಗೆ ಬಂದ ಹಾಗೆ ಬೈದೆ. ಎಸೆಯಬೇಕಿತ್ತು ಎಂದೆ. ನಿನ್ನ ಕೈಯಿಂದಲೇ ಹಾಳು ಮಾಡಿಕೊಂಡೆಯಲ್ಲ ಎಂದೆ.

"ಮೊಳ್ಕೆ ಒಡ್ದಿರೋ ಕಾಯಿ ಅಣ್ಣಯ್ಯ" ಎಂದಳು. "ಕೈಗೆ ಬಂದ್ಮೇಲೆ ಎಲ್ಲಿಗೆ ಎಸೀಲಿ?"

ನಮ್ಮ ಜನರ ಮೇಲೆ ಇದ್ದ ಹೇಸಿಗೆಯೆಲ್ಲ ಆ ಗಳಿಗೆಯಲ್ಲಿ ನನ್ನ ಮನೆಯೊಳಗೆ ಬಂದು ಕೂತಿತು, ಯಾರ ಮೇಲೆ ಉಗಿಯಬೇಕೋ ತಿಳಿಯಲಿಲ್ಲ.

ಮರುದಿನ ಬೆಳಿಗ್ಗೆ ಅವಳು ಎಂದಿನಂತೆ ಸುಣ್ಣದ ಪುಡಿಯ ಡಬ್ಬ ಹಿಡಿದು ಮೈದಾನಕ್ಕೆ ಹೋದಳು. ನಾನೂ ಹಿಂದೆ ಹೋದೆ. ಯಾರೂ ಬಂದಿರಲಿಲ್ಲ. ಕಾದೆವು. ಬಿಸಿಲು ಕಮಾನಿನ ತುದಿಗೆ ಬಂದರೂ ಒಬ್ಬಳೂ ಬರಲಿಲ್ಲ. ಎದುರು ಮನೆಯ ಜಗುಲಿಯ ಮೇಲೆ, ಜಿಲ್ಲೆಗೆ ಮೂರನೆಯವಳಾಗಿ ಬಂದ ಹುಡುಗಿಯ ತಾಯಿ ಮೊರ ಹಿಡಿದು ಕೂತಿದ್ದಳು. ತಂಗಿ ಹೋಗಿ, ಮಗಳೆಲ್ಲಿ ಎಂದು ಕೇಳಿದಳು.

"ಇನ್ನೆಲ್ಲಿ ಓಡಾದು ಬುಡಿ ಮಿಸ್ಸೇ" ಎಂದಳು ಆಕೆ, ಬೇಜಾರಿಲ್ಲದೆ, ತೀರ್ಮಾನವಾದ ವಿಷಯ ಹೇಳುವಂತೆ. "ನೀವೇ ಸಸಿ ಇಕ್ಕಿದ್ಮೇಲೆ ಮುಗೀತಲ್ಲ, ಮಿಸ್ಸೂ ಒಪ್ಕೊಂಡ್ರು ಅಂತ ಇವ್ರಪ್ಪ ಅಂದ್ರು. ಇವಳು ಮೊದ್ಲು ಮುಖ ಊದಿಸ್ಕಂಡ್ಳು. ಆಮೇಲೆ ಬೆಳಿಗ್ಗೆ ನೀವು ಬರಾಕ್ ಮುಂಚೆ, ಒಂದ್ ಕೊಡ ನೀರು ತಗಂಡೋಗಿ ನಿಮ್ ಸಸಿಗೆ ಅವಳೇ ಹಾಕ್ ಬಂದ್ಳು."